ಲೋಕನಾಥ ಶೆಟ್ಟರ ಗರಿಗರಿ ದಿಂಬು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಪುಂಜಾಲಕಟ್ಟೆಯ ಲೋಕನಾಥ ಶೆಟ್ಟರ ಮನೆಯಲ್ಲಿ ಮಾತ್ರ ಕಾಲು ಚಾಚುವ ಮೊದಲು ಹಾಸಿಗೆಯ ಅಪ್ಪಣೆ ಕೇಳಬೇಕಿತ್ತು. ಅಷ್ಟು ಗರಿಗರಿ! ಗಂಜಿ ತಿಳಿ ಕುಡಿದು ಇಸ್ತ್ರಿ ತಿಂದ ಬೆಡ್‌ಶೀಟು, ಮೂಲೆಗಳೆಲ್ಲ ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿದ್ದು. ಯಾರಾದರೂ ಮಗ್ಗುಲು ಬದಲಿಸಿದರೆ ಪಕ್ಕದ ಕೋಣೆಯವರಿಗೆ ಎಚ್ಚರವಾಗುತ್ತಿತ್ತು. ಒಮ್ಮೆ ಅಲ್ಲಿ ತಂಗಿದ್ದ ನೆರೆಮನೆಯ ಧರ್ಣಪ್ಪ ಬೆಳಿಗ್ಗೆ ಎದ್ದು ಬೆನ್ನು ತಿಕ್ಕುತ್ತಾ, "ಶೆಟ್ರೇ, ನನ್ನನ್ನು ಮದುವೆ ಕಾಗದದ ಹಾಗೆ ಕವರಿಗೆ ಹಾಕಿ ಅಂಟಿಸಿದ್ದು ಎಂತಕ್ಕೆ ಮಾರಾಯ್ರೆ?" ಎಂದು ಕೇಳಿದ್ದ. ಶೆಟ್ಟರು ಅದನ್ನು ಹೊಗಳಿಕೆ ಎಂದೇ ತಿಳಿದರು.

ಅವರದ್ದೂ ತಪ್ಪಲ್ಲ. ಮೀಸೆ ಚಿಗುರುವ ಮೊದಲೇ ಮುಂಬಯಿಗೆ ಹೋದವರು ಅಲ್ಲಿಂದ ಬಹರೈನಿಗೆ ಹಾರಿ, ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಬಟ್ಟೆ ಮಡಚಲು ಸೇರಿ, ಕೊನೆಗೆ ಆ ಲಾಂಡ್ರಿಯನ್ನೇ ನಡೆಸಿ, ಎರಡು ವರ್ಷದ ಹಿಂದೆ ಊರಿಗೆ ಮರಳಿದ್ದರು. ಗಲ್ಫಿನಿಂದ ಮರಳಿದವರು ಕೆಲವರು ರಬ್ಬರು ಹಾಕುತ್ತಾರೆ, ಕೆಲವರು ಕೋಳಿ ಫಾರಂ ಮಾಡುತ್ತಾರೆ, ಕೆಲವರು ಬಸ್ಸು ರಸ್ತೆಗಿಳಿಸಿ ಕೈ ಸುಟ್ಟುಕೊಳ್ಳುತ್ತಾರೆ. ಶೆಟ್ಟರು ಹಾಸಿಗೆ ಹಾಸಿದರು. ಮನೆಯ ಬಟ್ಟೆಬರೆ ಇನ್ನು ನನ್ನ ಕೆಲಸ, ಯಾರೂ ಕೈ ಹಾಕಬಾರದು ಎಂದು ಸಾರಿಬಿಟ್ಟರು.

ಹೆಂಡತಿ ಕಾಂತಿಯಕ್ಕನಿಗೆ ಮೊದಲ ವಾರ ಸ್ವರ್ಗವೇ ಕೈಗೆ ಬಂದಂತಾಯಿತು. ಎರಡನೇ ವಾರ ಗಂಜಿಯ ರಗಳೆ ಶುರುವಾಯಿತು. ಮನೆಯಲ್ಲಿ ಉಣ್ಣುವುದು ಕುಚ್ಚಲಕ್ಕಿ. ಅದರ ತಿಳಿ ಹಾಕಿದರೆ ಬಿಳಿ ಬಟ್ಟೆ ಕೆಂಪಡರುತ್ತದೆ ಎಂದು ಶೆಟ್ಟರು ತಿಳಿಗಾಗಿಯೇ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ಮಾಡಿಸತೊಡಗಿದರು. ತಿಳಿ ಬಟ್ಟೆಗೆ, ಅನ್ನ ನಾಯಿಗೆ. ನಾಯಿ ಉಬ್ಬಿತು, ಬಟ್ಟೆ ಸೆಟೆಯಿತು, ಕಾಂತಿಯಕ್ಕ ಬತ್ತಿದರು.

ಇಷ್ಟೆಲ್ಲ ಯಾರಿಗಾಗಿ ಎಂದರೆ ಮಗಳು ತೃಷಾಳಿಗಾಗಿ. ಮೂಡುಬಿದಿರೆಯ ಕಾಲೇಜಿನಲ್ಲಿ ಅವಳದ್ದು ಕೊನೆಯ ವರ್ಷದ ಡಿಗ್ರಿ. ಅವಳು ಹುಟ್ಟಿದಾಗ ಶೆಟ್ಟರು ಬಹರೈನಿನಲ್ಲಿದ್ದರು. ನಡೆದಾಗ, ಶಾಲೆಗೆ ಸೇರಿದಾಗ, ಹಲ್ಲು ಬಿದ್ದಾಗಲೂ ಅಲ್ಲೇ. ರಜೆಯಲ್ಲಿ ಬಂದು, ಮಗಳು ಹತ್ತಿರ ಸುಳಿಯುವಷ್ಟು ಸಲುಗೆ ಬೆಳೆಯುವ ಹೊತ್ತಿಗೆ ಟಿಕೆಟಿನ ದಿನ ಬಂದುಬಿಡುತ್ತಿತ್ತು. ಈಗ ಊರಲ್ಲೇ ಇದ್ದಾರೆ, ಆದರೆ ಬೆಳೆದ ಮಗಳ ಹತ್ತಿರ ಏನು ಮಾತಾಡುವುದು? ಊಟ ಆಯ್ತಾ, ಬಸ್ಸು ಸಿಕ್ಕಿತಾ ಎಂದು ಕೇಳಿದರೆ ಅಲ್ಲಿಗೆ ಮುಗಿಯಿತು. ಮಾತು ಬಾರದವರು ಕೈಗೆ ಬಂದದ್ದನ್ನು ಮಾಡುತ್ತಾರೆ. ಶೆಟ್ಟರು ದಿನಾ ಅವಳ ಹಾಸಿಗೆ ಹಾಸುತ್ತಿದ್ದರು.

ತೃಷಾಳಿಗೆ ಸ್ಟೇಜಿನ ಹುಚ್ಚು. ಕಾರ್ಯಕ್ರಮ ಯಾವುದೇ ಇರಲಿ, ನಿರೂಪಣೆಗೆ ಅವಳೇ ಬೇಕು. ಮೈಕು ಹಿಡಿದರೆ ಸಭೆಯಲ್ಲಿ ಸೆಖೆಗೆ ಬೀಸಣಿಗೆ ಬೀಸುತ್ತಿದ್ದವರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ಆ ವೀಡಿಯೋಗಳನ್ನು ಶೆಟ್ಟರು ಬಹರೈನಿನ ಲಾಂಡ್ರಿಯ ಗದ್ದಲದಲ್ಲಿ ಫೋನನ್ನು ಕಿವಿಗೆ ಒತ್ತಿ ಕೇಳಿ, ಆಮೇಲೆ ಕಣ್ಣಿನ ಹತ್ತಿರ ಹಿಡಿದು ನೋಡಿ, ಫಿಲಿಪೈನ್ಸಿನವರಿಗೂ ನೇಪಾಳದವರಿಗೂ ತೋರಿಸಿದ್ದರು. ಎದುರು ಕೂತು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಮರಳಿದ ಮೊದಲ ವರ್ಷ ಅವಳ ಕಾರ್ಯಕ್ರಮದ ದಿನವೇ ಇವರಿಗೆ ಡೆಂಗ್ಯೂ ಬಂದಿತ್ತು. ಈ ಸಲದ ಕಾಲೇಜು ವಾರ್ಷಿಕೋತ್ಸವವೇ ಕೊನೆಯ ಅವಕಾಶ. ಶೆಟ್ಟರು ಅಂಗಿ ಕೂಡಾ ಹೊಲಿಸಿಟ್ಟಿದ್ದರು.

ಅಷ್ಟರಲ್ಲಿ ಬಂದವು ಮೊಡವೆಗಳು. ಒಂದೋ ಎರಡೋ ಆದರೆ ಯಾರು ಕೇಳುತ್ತಾರೆ? ಎರಡೂ ಕೆನ್ನೆಯ ತುಂಬ ಕೆಂಪಗೆ, ಮುಟ್ಟಿದರೆ ಉರಿ. ತೃಷಾ ಕೂದಲನ್ನು ಮುಂದಕ್ಕೆ ಬಿಟ್ಟುಕೊಂಡಳು. ಬಸ್ಸಿನಲ್ಲಿ ಶಾಲು ಸುತ್ತಿಕೊಂಡಳು. ಆಮೇಲೆ ಊಟದ ತಟ್ಟೆಯನ್ನು ಕೋಣೆಗೆ ಒಯ್ಯತೊಡಗಿದಳು. ಒಂದು ದಿನ ಕಾಂತಿಯಕ್ಕ ತೆಂಗಿನಕಾಯಿ ತುರಿಯುತ್ತಾ ಹೇಳಿದರು:

"ಅವಳು ಈ ಸಲ ಸ್ಟೇಜಿಗೆ ಹತ್ತುವುದಿಲ್ಲಂತೆ. ಕ್ಲಾಸಿನ ಸಾತ್ವಿಕಾ ಮಾಡ್ಲಿ ಅಂತ ಕಾಲೇಜಿನ ಸರ್‌ಗೆ ಹೇಳಿದ್ದಾಳೆ. ಅವರು ಯೋಚನೆ ಮಾಡು, ಎರಡು ವಾರ ಬಿಟ್ಟು ಸೋಮವಾರ ಹೇಳು ಅಂದಿದ್ದಾರೆ."

ಶೆಟ್ಟರು ಪೆಚ್ಚಾದರು. ಹೊಲಿಸಿದ ಅಂಗಿಗಾಗಿ ಅಲ್ಲ. ಇಷ್ಟು ದಿನ ಒಂದೇ ಮನೆಯಲ್ಲಿದ್ದೂ ಮಗಳು ಈ ಮಾತನ್ನು ತನ್ನ ಹತ್ತಿರ ಹೇಳಲಿಲ್ಲವಲ್ಲ ಎಂದು ಅವರಿಗೆ ನೋವಾಯಿತು.

ಮೊಡವೆಗೆ ಮದ್ದು ಹೇಳದವರು ಊರಲ್ಲಿ ಯಾರಿದ್ದಾರೆ? ಕಾಂತಿಯಕ್ಕ ಅರಸಿನ ಅರೆದರು. ಕೋಳಿ ತಿಂದು ಉಷ್ಣವಾದದ್ದು ಎಂದು ಧರ್ಣಪ್ಪ ತೀರ್ಪು ಕೊಟ್ಟ, ಕೋಳಿ ಸಾರಿನ ದಿನ ತಪ್ಪದೆ ಹಾಜರಾಗುತ್ತಿದ್ದವನೂ ಅವನೇ. ಕೊನೆಗೆ ತಾಯಿ ಮಗಳು ಬೆಳ್ತಂಗಡಿಗೆ ಹೋಗಿ ಚರ್ಮದ ಡಾಕ್ಟರಮ್ಮನನ್ನು ಕಂಡು ಬಂದರು. ಶೆಟ್ಟರು ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಹೊರಗೇ ಉಳಿದಿದ್ದರು.

"ಎಂತ ಹೇಳಿದ್ರು?" ಎಂದು ಅವರು ಕಾರು ಹೊರಡಿಸುತ್ತಾ ಮಗಳನ್ನು ಕೇಳಿದರು.

ತೃಷಾ ಕಿಟಕಿಯ ಕಡೆ ಮುಖ ಮಾಡಿದಳು. "ಮುಲಾಮು ಕೊಟ್ಟಿದ್ದಾರೆ ಪಪ್ಪಾ. ನಿಧಾನಕ್ಕೆ ಗುಣ ಆಗ್ತದಂತೆ. ಮತ್ತೆ... ದಿಂಬಿನ ಕವರ್ ಕ್ಲೀನ್ ಇರ್ಬೇಕಂತೆ."

ದಿಂಬಿನ ಕವರ್! ಶೆಟ್ಟರು ಸ್ಟೀರಿಂಗಿನ ಹಿಂದೆ ನೆಟ್ಟಗೆ ಕೂತರು. ಮುಲಾಮು ಡಾಕ್ಟರರ ಇಲಾಖೆ, ದಿಂಬು ತನ್ನ ಇಲಾಖೆ. ಇಡೀ ಪ್ರಪಂಚದಲ್ಲಿ ಮಗಳಿಗೆ ಬೇಕಾದ ಒಂದು ವಿಷಯ ತನಗೆ ಗೊತ್ತಿರುವುದೇ ಆಗಿತ್ತು. ದಾರಿಯುದ್ದಕ್ಕೂ ಸಿಳ್ಳೆ ಹಾಕಿದರು. ಹಿಂದಿನ ಸೀಟಿನಲ್ಲಿ ತಾಯಿ ಮಗಳು ಮುಖ ಮುಖ ನೋಡಿಕೊಂಡದ್ದನ್ನು ಅವರು ಗಮನಿಸಲಿಲ್ಲ.

ಮರುದಿನವೇ ಬಂಟ್ವಾಳಕ್ಕೆ ಹೋಗಿ ಇದಿನಬ್ಬರ ಹಾಸಿಗೆ ಅಂಗಡಿಗೆ ನುಗ್ಗಿದರು. ಇದಿನಬ್ಬ ಮಾತಿನಲ್ಲೇ ಕಂಬಳಿ ಹೊದೆಸುವ ಆಸಾಮಿ.

"ಮೊಡವೆಗಾ? ಬನ್ನಿ ಶೆಟ್ರೇ, ಕೂತ್ಕೊಳ್ಳಿ. ಇದು ಸಿಲ್ಕ್ ಕವರ್. ಈಗ ಎಲ್ಲ ಹೆಣ್ಣುಮಕ್ಕಳೂ ಇದನ್ನೇ ಕೇಳುವುದು. ಕೆನ್ನೆ ಜಾರಿ ಹೋಗ್ತದೆ!"

ಶೆಟ್ಟರು ಬೆರಳ ಸಂದಿಯಲ್ಲಿ ಬಟ್ಟೆ ತಿಕ್ಕಿ ನೋಡಿದರು. "ಇದು ಸಿಲ್ಕ್ ಅಲ್ಲ ಇದಿನಬ್ಬ, ಪಾಲಿಯೆಸ್ಟರ್. ಹೊಳಪು ಮಾತ್ರ. ಸೆಖೆಗೆ ಬೆವರು ಹೀರುವುದಿಲ್ಲ."

"ಅದೂ ಹೌದು," ಎಂದು ಇದಿನಬ್ಬ ಒಂದಿಷ್ಟೂ ನಾಚದೆ ಒಪ್ಪಿಕೊಂಡರು. "ಹಾಗಾದ್ರೆ ಈ ಮೆಮರಿ ಫೋಮಿನ ದಿಂಬು ತಗೊಳ್ಳಿ. ತಲೆ ಎಲ್ಲಿಟ್ಟದ್ದು ಅಂತ ಇದಕ್ಕೆ ನೆನಪಿರ್ತದೆ."

"ನನ್ನ ಮಗಳಿಗೆ ಅವಳ ತಲೆ ಎಲ್ಲುಂಟು ಅಂತ ಗೊತ್ತುಂಟು. ಒಳ್ಳೆ ಹತ್ತಿಯದ್ದು ತೋರ್ಸಿ."

ಅಂಗಡಿಯ ಅಟ್ಟದಿಂದ ಧೂಳು ಕೊಡವಿ ಇಳಿಸಿದ ಅಪ್ಪಟ ಹತ್ತಿಯ ಬಿಳಿ ಕವರುಗಳನ್ನು ಕಂಡು ಶೆಟ್ಟರ ಕಣ್ಣು ಅರಳಿತು. ನೂಲು ಸಣ್ಣ, ನೆಯ್ಗೆ ದಟ್ಟ. ಆರಿಸಿದ್ದು ಸರಿಯಾಗಿಯೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಮನೆಗೆ ತಂದು ಮಾಡಿದ್ದೇ ಎಡವಟ್ಟು. ಬಿಸಿನೀರಲ್ಲಿ ಕುದಿಸಿ, ನೀಲಿಯಲ್ಲಿ ಅದ್ದಿ, ಬೆಳ್ತಿಗೆಯ ದಪ್ಪ ತಿಳಿ ಹಾಕಿ, ಮೇಲಿಂದ ಗುಲಾಬಿ ಪರಿಮಳದ ದ್ರಾವಣ ಹೊಯ್ದು, ಇಸ್ತ್ರಿ ಒತ್ತಿದರು. ವಾರಕ್ಕೆರಡು ಸಲ ಕವರು ಬದಲಿಸುತ್ತಿದ್ದದ್ದು ದಿನಾ ಆಯಿತು. ಬೆಳಿಗ್ಗೆ ತೃಷಾ ಕವರನ್ನು ತಾನೇ ಬಿಚ್ಚಿ, ಮುದ್ದೆ ಮಾಡಿ ಬಕೆಟಿಗೆ ಹಾಕಿ ಕಾಲೇಜಿಗೆ ಹೋಗುವಳು. ಸಂಜೆಯೊಳಗೆ ಹೊಸತು ಏರುವುದು. ಕೆನ್ನೆ ಮಾತ್ರ ಕೆಂಪಗೇ ಇತ್ತು. ಇನ್ನೂ ಸ್ವಲ್ಪ ಗಂಜಿ ದಪ್ಪ ಮಾಡಬೇಕೋ ಏನೋ ಎಂದು ಶೆಟ್ಟರು ತಲೆ ಕೆರೆದುಕೊಂಡರು.

ಸರ್‌ಗೆ ಉತ್ತರ ಹೇಳಬೇಕಾದ ಸೋಮವಾರಕ್ಕೆ ಎರಡೇ ದಿನ ಉಳಿದಿರುವಾಗ ತೃಷಾಳಿಗೆ ಬಸ್ಸಿಗೆ ತಡವಾಯಿತು. ಕವರು ಬಿಚ್ಚದೆ ಓಡಿದಳು. ಶೆಟ್ಟರು ಕೋಣೆಗೆ ಬಂದು ದಿಂಬಿಗೆ ಕೈ ಹಾಕಿದವರು ಹಾಗೆಯೇ ನಿಂತರು.

ಲಾಂಡ್ರಿಯವನ ಮುಂದೆ ದಿಂಬು ಸುಳ್ಳು ಹೇಳುವುದಿಲ್ಲ. ಹೋಟೆಲಿನ ಯಾವ ಕೋಣೆಯ ಗಂಡ ಹೆಂಡತಿ ಜಗಳಾಡಿ ಒಬ್ಬರು ಸೋಫಾದಲ್ಲಿ ಮಲಗಿದರು ಎಂಬುದನ್ನೂ ಶೆಟ್ಟರು ಬಟ್ಟೆ ನೋಡಿಯೇ ಹೇಳಬಲ್ಲವರಾಗಿದ್ದರು. ಈ ಕವರಿನ ನಡುವೆ ಅವರೇ ಒತ್ತಿದ ಇಸ್ತ್ರಿಯ ಗೆರೆ ನೆಟ್ಟಗೆ ನಿಂತಿತ್ತು. ಒಂದು ಕೂದಲಿಲ್ಲ, ಒಂದು ಸುಕ್ಕಿಲ್ಲ. ಇದರ ಮೇಲೆ ಯಾರೂ ತಲೆಯಿಟ್ಟಿಲ್ಲ.

ಹಾಗಾದರೆ ಹುಡುಗಿ ಯಾವುದರ ಮೇಲೆ ಮಲಗುತ್ತಾಳೆ? ಹಾಸಿಗೆಯ ಅಂಚಿನಲ್ಲಿ ಮಾಸಲು ಬಟ್ಟೆಯೊಂದರ ತುದಿ ಇಣುಕುತ್ತಿತ್ತು. ಎಳೆದರೆ ಕಾಂತಿಯಕ್ಕನ ಹಳೇ ಹತ್ತಿ ಸೀರೆಯ ತುಂಡು, ನಾಲ್ಕು ಮಡಿಕೆ ಮಾಡಿದ್ದು. ಒಗೆದು ಒಗೆದು ಬಣ್ಣ ಹೋಗಿ, ಮುಟ್ಟಿದರೆ ಮುಟ್ಟಿದ್ದೇ ತಿಳಿಯದಷ್ಟು ಮೆತ್ತಗಾಗಿತ್ತು. ಬಾಣಂತಿ ಮನೆಯಲ್ಲಿ ಕೂಸಿಗೆ ಹಾಸುವುದು ಇಂಥದ್ದನ್ನೇ. ಒಂದು ಬದಿಗೆ ಮುಲಾಮಿನ ಕಲೆ ಇತ್ತು.

"ಕಾಂತೀ!"

ಕಾಂತಿಯಕ್ಕ ಸೌಟು ಹಿಡಿದೇ ಬಂದರು. ಗಂಡನ ಕೈಯಲ್ಲಿದ್ದ ತುಂಡು ನೋಡಿದರು. ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ ಎಂದು ಸೌಟು ಕೆಳಗಿಟ್ಟರು.

"ಡಾಕ್ಟ್ರು ಮೊದಲ ದಿನವೇ ಹೇಳಿದ್ದಾರೆ. ಗಂಜಿ ಹಾಕಿದ ಕವರ್ ಕೆನ್ನೆಗೆ ಉಜ್ಜಿ ಉಜ್ಜಿ ಮೊಡವೆ ಹೆಚ್ಚಾಗ್ತದಂತೆ. ಪರಿಮಳದ್ದೂ ಬೇಡ ಅಂದ್ರು. ಮೆತ್ತಗಿನ ಹತ್ತಿ ಬಟ್ಟೆ ಸಾಕು, ಎರಡು ದಿನಕ್ಕೊಮ್ಮೆ ಬದಲಿಸಿ, ರಾತ್ರಿ ತಲೆಗೆ ಎಣ್ಣೆ ಹಾಕಿ ಮಲಗ್ಬೇಡ ಅಂದ್ರು. ಮದ್ದು ಹಿಡಿಲಿಕ್ಕೆ ಹೇಗೂ ಸಮಯ ಬೇಕಂತೆ."

"ನನಗೆ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಅವಳೇ ಬೇಡ ಅಂದಳು. ಆಣೆ ಹಾಕಿಸಿದ್ದಾಳೆ."

ಶೆಟ್ಟರು ಹಿತ್ತಿಲಿಗೆ ಹೋಗಿ ಕೂತರು. ಮನೆಗೆ ಮಾರಿ, ಹೋಟೆಲಿಗೆ ಉಪಕಾರಿ ಎಂದರೆ ನಾನೇ ಎಂದು ಅವರಿಗೆ ಅನ್ನಿಸಿತು. ಇಷ್ಟು ದಿನ ಮಗಳ ಕೆನ್ನೆಯನ್ನು ನನ್ನ ಕೈಯಾರೆ ತಿಕ್ಕಿದೆನಲ್ಲ! ತಿಕ್ಕಿಸಿಕೊಂಡೂ ಅವಳು ಬಾಯಿ ಬಿಡಲಿಲ್ಲವಲ್ಲ! ಅಪ್ಪನೆಂದರೆ ಅಷ್ಟು ಹೆದರಿಕೆಯೇ, ಅಥವಾ ಅಷ್ಟು ದೂರವೇ? ಪಾತ್ರೆಯಲ್ಲಿ ಅಂದಿನ ಗಂಜಿ ತಿಳಿ ತಯಾರಾಗಿ ಕೂತಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ. ಉಪ್ಪು ಹಾಕಿ ಕುಡಿದುಬಿಟ್ಟರು.

ಸಂಜೆ ಪುಂಜಾಲಕಟ್ಟೆಯ ಬಸ್‌ಸ್ಟ್ಯಾಂಡಿಗೆ ಸ್ಕೂಟರ್ ತೆಗೆದುಕೊಂಡು ಹೋದರು. ಶಾಲು ಸುತ್ತಿಕೊಂಡು ಬಸ್ಸಿಳಿದ ತೃಷಾ ಅಪ್ಪನನ್ನು ಕಂಡು ಗಾಬರಿಯಾದಳು.

"ಎಂತ ಪಪ್ಪಾ? ಅಮ್ಮನಿಗೆ ಎಂತಾದ್ರೂ...?"

"ಯಾರಿಗೂ ಎಂತದೂ ಆಗ್ಲಿಲ್ಲ. ಬಾ, ಶರಬತ್ತು ಕುಡಿಯುವ."

ಅಂಗಡಿಯ ಹೊರಗಿನ ಬೆಂಚಿನಲ್ಲಿ ಕೂತರು. ಲಿಂಬೆ ಶರಬತ್ತು ಬಂತು. ಮಾತು ಎಲ್ಲಿಂದ ಶುರು ಮಾಡುವುದೆಂದು ಶೆಟ್ಟರು ಹೆಣಗಾಡಿ, ಕೊನೆಗೆ ಸೀದಾ ಕೇಳಿಬಿಟ್ಟರು.

"ಗಂಜಿ ಬೇಡ ಅಂತ ಹೇಳ್ಬಹುದಿತ್ತಲ್ಲ ಮಗಾ? ನಾನು ಬೈತೇನೆ ಅಂತ ಹೆದರಿದ್ದಾ?"

ತೃಷಾಳಿಗೆ ಅರ್ಥವಾಯಿತು. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೇ ನೋಡುತ್ತಾ ಹೇಳಿದಳು.

"ಬೈಯುವುದಕ್ಕೆ ಎಂತ ಹೆದರಿಕೆ? ನೀವು ಬಂದ ವರ್ಷ ಟೆರೇಸಿನಲ್ಲಿ ಕೂತು ಹೋಟೆಲಿನ ಮ್ಯಾನೇಜರಿಗೆ ಫೋನ್ ಮಾಡ್ತಿದ್ರಿ. 'ಇಲ್ಲಿ ನಾನು ಯಾರಿಗೂ ಬೇಡ ಸಾರ್, ಕೆಲಸ ಉಂಟಾದ್ರೆ ಪುನಃ ಬರ್ತೇನೆ' ಅಂತ. ನಾನು ಮೆಟ್ಟಿಲಲ್ಲಿ ನಿಂತು ಕೇಳಿದ್ದೇನೆ." ಅವಳು ಗ್ಲಾಸನ್ನು ಬೆಂಚಿನ ಮೇಲಿಟ್ಟಳು. "ಹಾಸಿಗೆ ಕೆಲಸ ಹಿಡಿದ ಮೇಲೆ ನೀವು ಆ ಫೋನ್ ನಿಲ್ಲಿಸಿದ್ರಿ. ಅದೂ ಬೇಡ ಅಂದ್ರೆ ಪುನಃ ಹೋಗ್ತೀರಿ ಅಂತ..."

ಶೆಟ್ಟರಿಗೆ ಹಳೆಯದೆಲ್ಲ ನೆನಪಾಯಿತು. ರಜೆ ಮುಗಿಸಿ ಹೊರಟಾಗಲೆಲ್ಲ ಈ ಹುಡುಗಿ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಅಪ್ಪನ ನೆಂಟಸ್ತಿಕೆ ಅವಳಿಗೆ ಬೇಡ ಎಂದೇ ಅವರು ಪ್ರತಿ ಸಲ ಅಂದುಕೊಂಡು ವಿಮಾನ ಹತ್ತಿದ್ದರು. ಎಂಥ ಬೆಪ್ಪ ನಾನು ಎಂದು ಅವರಿಗೆ ಅಳುವೇ ಬಂತು. ಶರಬತ್ತಿನ ಅಂಗಡಿಯವನು ನೋಡುತ್ತಿದ್ದಾನೆಂದು ಮೂಗು ಒರೆಸಿಕೊಂಡರು.

"ನಾನು ಎಲ್ಲಿಗೂ ಹೋಗುವುದಿಲ್ಲ. ನೀನು ಹಾಸಿಗೆಯನ್ನೇ ಹೊರಗೆ ಬಿಸಾಡಿದ್ರೂ ಹೋಗುವುದಿಲ್ಲ, ಆಯ್ತಾ? ಈಗ ನಾನೊಂದು ಕೇಳ್ತೇನೆ. ಸ್ಟೇಜು ಎಂತಕ್ಕೆ ಬೇಡ?"

"ಮುಖ ಹೀಗುಂಟಲ್ಲ ಪಪ್ಪಾ. ಎಲ್ಲರಿಗೂ ಕಾಣ್ತದೆ."

"ಕಾಣ್ಲಿ. ಇಷ್ಟು ವರ್ಷ ನಾನು ನಿನ್ನ ಮುಖ ನೋಡಿದ್ದು ಫೋನಿನಲ್ಲಿ, ಉಗುರಿನಷ್ಟು. ಅದರಲ್ಲಿ ಕಣ್ಣು ಯಾವುದು ಮೂಗು ಯಾವುದು ಅಂತ ಗೊತ್ತಾಗ್ತಿರ್ಲಿಲ್ಲ. ನನಗೆ ನಿನ್ನ ಮೊಡವೆ ಕಾಣುವಷ್ಟು ಹತ್ತಿರ ಕೂತು ಒಮ್ಮೆ ನೋಡ್ಬೇಕು ಮಗಾ."

ತೃಷಾ ಅಳುತ್ತಲೇ ನಕ್ಕಳು. ಶಾಲನ್ನು ಪುನಃ ಸುತ್ತಿಕೊಂಡು ಸ್ಕೂಟರಿನ ಹಿಂದೆ ಹತ್ತಿದಳು.

ಭಾನುವಾರವಿಡೀ ಶೆಟ್ಟರಿಗೆ ಹೊಸ ವಿದ್ಯೆಯ ಅಭ್ಯಾಸ. ಜೀವಮಾನವಿಡೀ ಬಟ್ಟೆ ಸೆಟೆಸಿದ ಕೈ ಈಗ ಬಟ್ಟೆ ಮೆತ್ತಗೆ ಮಾಡಬೇಕು. ಇದಿನಬ್ಬರಿಂದ ತಂದ ಕವರುಗಳ ಗಂಜಿಯೆಲ್ಲ ಬಿಡುವವರೆಗೆ ಬರಿಯ ನೀರಿನಲ್ಲಿ ನೆನೆಸಿ, ಹಿಂಡಿ, ಮತ್ತೆ ನೆನೆಸಿದರು. ಪರಿಮಳವಿಲ್ಲದ ಸೋಪು ಹಾಕಿದರು. ಗಾಳಿಗೆ ಹರವಿ, ಅರೆ ಒಣಗಿದಾಗ ಕೊಡವಿ, ಪುನಃ ಹರವಿದರು. ಒಣಗಿದ್ದನ್ನು ತಮ್ಮ ಕೆನ್ನೆಗೇ ಒತ್ತಿ ನೋಡಿದರು. ಗಡ್ಡದ ಕೆನ್ನೆಗೆ ಏನು ತಿಳಿಯುತ್ತದೆ ಎಂದು, ಕಾಂತಿಯಕ್ಕನನ್ನು ಕರೆದು ಅವರ ಕೆನ್ನೆಗೂ ಒತ್ತಿದರು. "ಈ ಪ್ರಾಯದಲ್ಲಿ ಎಂಥ ಕಥೆ ನಿಮ್ಮದು," ಎಂದು ಕಾಂತಿಯಕ್ಕ ನಾಚಿ ಒಳಗೆ ಓಡಿದರು. ಇಸ್ತ್ರಿ ಇಲ್ಲದೆ ಮುದುಡಿಕೊಂಡ ಕವರನ್ನು ಮಗಳ ದಿಂಬಿಗೆ ಏರಿಸುವಾಗ ಶೆಟ್ಟರ ಕೈ ಸುಕ್ಕು ಬಿಡಿಸಲು ಎರಡು ಸಲ ಮುಂದೆ ಹೋಯಿತು. ಎರಡು ಸಲವೂ ತಡೆದುಕೊಂಡರು.

ಸೋಮವಾರ ರಾತ್ರಿ ತೃಷಾ ಊಟದ ತಟ್ಟೆಯನ್ನು ಅಡುಗೆಮನೆಯಲ್ಲೇ ಹಾಕಿಕೊಂಡು ಅಪ್ಪನ ಎದುರು ಕೂತಳು.

"ಸರ್‌ಗೆ ಹೇಳಿದೆ. ನಾನೇ ಮಾಡ್ತೇನೆ ಅಂತ."

ಕಾಂತಿಯಕ್ಕ ಮೀನಿನ ದೊಡ್ಡ ತುಂಡು ಮಗಳಿಗೆ ಬಡಿಸಿದರು. ಶೆಟ್ಟರು ಹೂಂ ಎಂದರು. ಅನ್ನ ಕಲಸುತ್ತಿದ್ದ ಅವರ ಕೈ ಮಾತ್ರ ಸುಮಾರು ಹೊತ್ತು ಕಲಸುತ್ತಲೇ ಇತ್ತು.

ವಾರ್ಷಿಕೋತ್ಸವದ ಹೊತ್ತಿಗೆ ಕೆನ್ನೆಯ ಉರಿ ಇಳಿದಿತ್ತು, ಕೆಂಪು ಇನ್ನೂ ಪೂರ್ತಿ ಹೋಗಿರಲಿಲ್ಲ. ಮುಲಾಮಿನ ಗುಣವೆಂದು ಕಾಂತಿಯಕ್ಕ ಹೇಳಿದರು, ದಿಂಬಿನದೆಂದು ಶೆಟ್ಟರು ಹೇಳಿದರು, ಕೋಳಿ ಬಿಟ್ಟದ್ದರಿಂದ ಎಂದು ಧರ್ಣಪ್ಪ ಹೇಳಿದ. ಅವಳು ಕೋಳಿ ಬಿಟ್ಟೇ ಇರಲಿಲ್ಲ.

ಮೂಡುಬಿದಿರೆಯ ಕಾಲೇಜು ಮೈದಾನದಲ್ಲಿ ಜನವೋ ಜನ. ಶೆಟ್ಟರು ಹೊಸ ಅಂಗಿ ತೊಟ್ಟು, ಹೆಂಡತಿಯ ಕೈ ಹಿಡಿದು ಸೀದಾ ಮುಂದಿನ ಸಾಲಿಗೆ ನಡೆದರು. ಅಲ್ಲಿ ಬಿಳಿ ಬಟ್ಟೆ ಹೊದೆಸಿದ ಮೆತ್ತನೆಯ ಕುರ್ಚಿಗಳು. ವೇದಿಕೆಗೆ ಅದಕ್ಕಿಂತ ಹತ್ತಿರದ ಜಾಗವಿಲ್ಲ. ನಡುವಿನ ಎರಡರಲ್ಲಿ ಕೂತರು. ಬ್ಯಾಡ್ಜು ಹಾಕಿದ ಹುಡುಗಿಯೊಬ್ಬಳು ಓಡಿ ಬಂದಳು.

"ಅಂಕಲ್, ಇದು ಗೆಸ್ಟ್‌ಗಳಿಗೆ ಇಟ್ಟದ್ದು. ನೀವು ಹಿಂದೆ ಕೂತ್ಕೊಳ್ಳಿ, ಆಯ್ತಾ?"

ಕಾಂತಿಯಕ್ಕ ಆಗಲೇ ಸೆರಗು ಸರಿಮಾಡಿಕೊಂಡು ಎದ್ದಿದ್ದರು. ಶೆಟ್ಟರ ಬೆನ್ನೂ ಅಭ್ಯಾಸಬಲದಿಂದ ಅರ್ಧ ಎದ್ದಿತು. ಗೆಸ್ಟ್ ಎಂಬ ಮಾತು ಕೇಳಿದರೆ ಎದ್ದು ಬದಿಗೆ ಸರಿಯುವುದನ್ನೇ ಜೀವಮಾನವಿಡೀ ಮಾಡಿದ್ದರು. ಗೆಸ್ಟಿನ ಹಾಸಿಗೆ ಹಾಸಿದ್ದರು, ಗೆಸ್ಟಿನ ದಿಂಬು ತಟ್ಟಿದ್ದರು, ಗೆಸ್ಟಿಗೆಂದು ಇಟ್ಟ ಕುರ್ಚಿಯಲ್ಲಿ ಒಂದು ದಿನವೂ ಕೂತಿರಲಿಲ್ಲ. ಸ್ವಂತ ಮನೆಗೂ ವರ್ಷಕ್ಕೊಮ್ಮೆ ಗೆಸ್ಟಿನಂತೆಯೇ ಬಂದು ಹೋಗಿದ್ದರು.

ಅಷ್ಟರಲ್ಲಿ ವೇದಿಕೆಯ ಬದಿಯಿಂದ ತೃಷಾ ಬಂದಳು. ಸೀರೆ ಉಟ್ಟಿದ್ದಳು. ಕೂದಲನ್ನೆಲ್ಲ ಹಿಂದಕ್ಕೆ ಎತ್ತಿ ಕಟ್ಟಿ, ಎರಡೂ ಕೆನ್ನೆಯನ್ನು ದೀಪದ ಬೆಳಕಿಗೆ ಬಿಟ್ಟಿದ್ದಳು. ಮೈಕಿನ ಮುಂದೆ ನಿಂತು, ಮುಂದಿನ ಸಾಲಿನತ್ತ ಕಣ್ಣು ಹಾಯಿಸಿದಳು.

ಶೆಟ್ಟರು ಪುನಃ ಕೂತರು. ಹೆಂಡತಿಯ ಕೈ ಎಳೆದು ಕೂರಿಸಿದರು.

"ನಾವು ಗೆಸ್ಟ್ ಅಲ್ಲ ಮಗಾ," ಎಂದು ಬ್ಯಾಡ್ಜಿನ ಹುಡುಗಿಗೆ ಮೆಲ್ಲಗೆ ಹೇಳಿದರು. "ನಾನು ಅವಳ ಅಪ್ಪ."